ಒಡ್ಡಿದ ಸೆರಗು

ಅಂಬುಬಾಯಿ ಅಂಗಳದ ಬಿಸಿಲಿಗೆ ಬೆನ್ನು ಕೊಟ್ಟು, ಮೊರದ ತುಂಬ ತೊಗರಿಬೇಳೆ ಹಾಕಿಕೊಂಡು ಹಸನು ಮಾಡುತ್ತ ಕೂತಿದ್ದಳು. ಶನಿವಾರ, ಮುಂಜಾನೆ ಹತ್ತರ ಸುಮಾರು. ಬೇಳೆಯ ಮೇಲೆ ನೆರಳು ಬಿತ್ತೆಂದು ತಲೆ ಎತ್ತಿದರೆ, ಬಾಗಿಲಲ್ಲಿ ಕಾರ್ಖಾನೆ ಲೈನಿನ ಹುಡುಗಿ ಸುಬಾಸಿನಿ ನಿಂತಿದ್ದಳು. ಹೊಸ್ತಿಲಿನ ಆಚೆಗೇ ನಿಂತು, ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು, ಜೋಳಿಗೆಯ ಹಾಗೆ ಮುಂದೆ ಒಡ್ಡಿದ್ದಳು. ಸೆರಗಿನ ಕೆಳಗೆ ಐದಾರು ತಿಂಗಳ ಹೊಟ್ಟೆ ಕಾಣುತ್ತಿತ್ತು.

ಅಂಬುಬಾಯಿ ಮೊರ ಕೆಳಗಿಟ್ಟಳು. ಈ ಹುಡುಗಿ ತನ್ನ ಮನೆ ಬಾಗಿಲಿಗೆ ತಾನಾಗಿ ಬಂದದ್ದು ಇದೇ ಮೊದಲು.

ಆ ವರ್ಷ, ತೊಂಬತ್ತೇಳರ ಮಳೆಗಾಲಕ್ಕೆ, ಹುಮನಾಬಾದಿನ ಹೆದ್ದಾರಿಯ ಬದಿಯ ಕೆಮಿಕಲ್ ಕಾರ್ಖಾನೆಗಳಿಗೆ ಒರಿಸ್ಸಾದ ಗುಡ್ಡಗಾಡಿನಿಂದ ಹದಿನಾಲ್ಕು ಕುಟುಂಬ ಬಂದಿದ್ದವು. ಸವರ ಬುಡಕಟ್ಟಿನ ಜನ. ಡ್ರಮ್ಮು ಏರಿಸುವುದು, ಇಳಿಸುವುದು, ತೊಳೆಯುವುದು ಅವರ ಕೆಲಸ. ತಗಡಿನ ಖೋಲಿಗಳ ಸಾಲೊಂದರಲ್ಲಿ ಇದ್ದರು. ಊರಿನವರು ಅದನ್ನು ಲೈನು ಅನ್ನುತ್ತಿದ್ದರು. ಬಂದ ಮೊದಲ ಆದಿತ್ಯವಾರವೇ ಎಲ್ಲರೂ ಸ್ನಾನ ಮಾಡಿ, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ವಿಚಾರಿಸುತ್ತ ವಿಚಾರಿಸುತ್ತ ಚರ್ಚಿಗೆ ಬಂದರು. ಅಜ್ಜನ ಕಾಲದಿಂದ ಕ್ರೈಸ್ತರಂತೆ. ಹಿಂದಿನ ಚಾಪೆಯ ಮೇಲೆ ಕೂತು, ತಿಳಿಯದ ಕನ್ನಡದ ಪ್ರಸಂಗವನ್ನು ಕಣ್ಣು ಮಿಟುಕಿಸದೆ ಕೇಳಿ, ಆಶೀರ್ವಾದ ಮುಗಿದದ್ದೇ ತಡ, ಮಾತಿಲ್ಲದೆ ಎದ್ದುಹೋದರು. ಅಂದಿನಿಂದ ಪ್ರತಿ ವಾರ ಹಾಗೇ.

ಪಾಸ್ಟರ್ ದೇವಿದಾಸ ಅವರಿಗೆ ಬಸವಕಲ್ಯಾಣದ ಸಭೆ, ಹುಮನಾಬಾದಿನ ಸಭೆ ಎರಡೂ ಒಂದೇ ಹೆಗಲ ಮೇಲೆ. ಮುಂಜಾನೆ ಅಲ್ಲಿ ಆರಾಧನೆ ಮುಗಿಸಿ, ಮಧ್ಯಾಹ್ನದ ಬಸ್ಸು ಹಿಡಿದು ರಾಜೇಶ್ವರದ ಮೇಲೆ ಹಾಯ್ದು ಇಲ್ಲಿಗೆ ಬರುತ್ತಿದ್ದರು. ಅವರು ಒಂದು ದಿನ ಅಂಬುಬಾಯಿಯನ್ನು ಕರೆದು, "ಅಂಬುಬಾಯಿ, ಈ ಒರಿಸ್ಸಾದ ಮಂದೀನ ನಿಮ್ಮ ಕೈಯಾಗ ಕೊಟ್ಟೀನಿ ನೋಡ್ರಿ. ಅವರು ಹಿಂದಿನ ಚಾಪಿ ಬಿಟ್ಟು ಮುಂದ ಬರಬೇಕು. ನನ್ನ ಹಿಂದಿ ಕೇಳಿದ್ರ ಅವರು ನಗತಾರ," ಅಂದಿದ್ದರು. ನಗುವುದೇನೂ ಸುಳ್ಳಲ್ಲ. ಪಾಸ್ಟರ ಹಿಂದಿಯೆಂದರೆ ಹುಮನಾಬಾದಿನ ಗಂಜ್ ಮಾರುಕಟ್ಟೆಯಲ್ಲಿ ಕಲಿತ ದಖನಿ ಉರ್ದು. ಪ್ರಭು ಹೆದರಬೇಡಿರಿ ಅನ್ನುತ್ತಾನೆ ಅನ್ನಲು "ಪ್ರಭು ಬೋಲ್ರಾ, ಡರೋ ನಕ್ಕೋ" ಎಂದು ಅವರು ಶುರು ಮಾಡಿದರೆ ಹಿಂದಿನ ಚಾಪೆಯ ಗಂಡಸರು ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಿದ್ದರು.

ಮನೆಮನೆಗೆ ಹೋಗಿ ವಾಕ್ಯ ಓದಿ ಪ್ರಾರ್ಥನೆ ಮಾಡಿ ಬರುವುದು ಅಂಬುಬಾಯಿಯ ಕೆಲಸ. ಓಣಿಯವರು ಅವಳನ್ನು 'ಪ್ರಾರ್ಥನಿ ಬಾಯಿ' ಎಂದೇ ಕರೆಯುತ್ತಿದ್ದರು. ಲೈನಿಗೂ ವಾರಕ್ಕೊಂದು ಸಲ ಹೋಗಿಬರುತ್ತಿದ್ದಳು. ಅವರು ಚಾಪೆ ಹಾಸುತ್ತಿದ್ದರು, ನೀರು ಕೊಡುತ್ತಿದ್ದರು, ತಲೆ ಬಗ್ಗಿಸಿ ಪ್ರಾರ್ಥನೆ ಕೇಳುತ್ತಿದ್ದರು. ಅಷ್ಟೇ. ಐದು ತಿಂಗಳಾದರೂ ಅವಳು ಬಂದವಳೇ, ಹೊರಗಿನವಳೇ. ಅದರಲ್ಲೂ ಈ ಸುಬಾಸಿನಿ. ತಾಯಿ ಇಲ್ಲದ ಹುಡುಗಿ, ಚೊಚ್ಚಲ ಬಸುರಿ ಎಂದು ಅವಳ ಗಂಡ ಇಸಾಕನ ಬಾಯಿಂದ ತಿಳಿದ ಮೇಲೆ ಅಂಬುಬಾಯಿಗೆ ಅವಳ ಮೇಲೆ ಮನಸ್ಸು ನಿಂತುಬಿಟ್ಟಿತ್ತು. ಹುಡುಗಿ ಮಾತ್ರ ಅವಳ ಮುಂದೆ ಒಂದು ದಿನವೂ ತುಟಿ ಬಿಚ್ಚಿರಲಿಲ್ಲ.

"ಬಾ ತಂಗಿ, ಒಳಗ ಬಾ," ಅಂದಳು ಅಂಬುಬಾಯಿ.

ಹುಡುಗಿ ಒಳಗೆ ಬರಲಿಲ್ಲ. ನಕ್ಕು, ಸೆರಗನ್ನು ಇನ್ನಷ್ಟು ಮುಂದಕ್ಕೆ ಒಡ್ಡಿ ಏನೋ ಅಂದಳು. ಅದರಲ್ಲಿ ಅಂಬುಬಾಯಿಗೆ ತಿಳಿದದ್ದು ಒಂದೇ ಮಾತು. ಚಾವುಳ. ಅಕ್ಕಿ.

ಬಸುರಿ ಹೆಣ್ಣುಮಗಳು ಸೆರಗು ಒಡ್ಡಿ ಅಕ್ಕಿ ಕೇಳುತ್ತಿದ್ದಾಳೆ. ಆ ಸೀಮೆಯಲ್ಲಿ ಇದಕ್ಕೆ ಎರಡನೆಯ ಅರ್ಥವಿಲ್ಲ. ತವರಿಗೆ ಬಂದ ಮಗಳ ಸೆರಗಿಗೆ ಅಕ್ಕಿ, ಕಾಯಿ, ಕುಪ್ಪಸದ ಖಣ ಹಾಕಿ ಉಡಿ ತುಂಬದೆ ಯಾವ ತಾಯಿಯೂ ಕಳಿಸುವುದಿಲ್ಲ. ಯಾರ ಉಡಿ ತುಂಬಿದರೋ ಅವಳು ಆ ಮನೆಯ ಮಗಳು. ತಾಯಿ ಇಲ್ಲದ ಕೂಸು, ಪರದೇಶದಲ್ಲಿ, ಇಷ್ಟು ಮನೆ ಬಿಟ್ಟು ತನ್ನ ಮನೆಗೇ ಬಂದು ಉಡಿ ಒಡ್ಡಿದೆ!

ಒಳಗೆ ಹೋಗಿ ಅಕ್ಕಿಯ ಡಬ್ಬಿಗೆ ಕೈ ಹಾಕಿದವಳು ಹಾಗೇ ನಿಂತಳು. ತಾನು ಗಂಡನಿಲ್ಲದವಳು. ದತ್ತಾತ್ರಿ ಹೋಗಿ ಒಂಬತ್ತು ವರ್ಷ. ಅಂದಿನಿಂದ ಯಾವ ಮುತ್ತೈದೆಯೂ ತನ್ನಿಂದ ಉಡಿ ತುಂಬಿಸಿಕೊಂಡಿಲ್ಲ, ತಾನೂ ಮುಂದೆ ಹೋಗಿಲ್ಲ. ಅದು ಒಂದು. ಇನ್ನೊಂದು, ಉಡಿ ತುಂಬುವ ರೂಢಿ ನಮಗೆ ಬೇಡ, ಬಿಡಿರಿ ಎಂದು ಪಾಸ್ಟರ ಮಾತಿನ ಮೇಲೆ ಓಣಿಯ ಕ್ರೈಸ್ತ ಹೆಂಗಸರಿಗೆಲ್ಲ ಹೇಳಿಕೊಂಡು ಬಂದವಳು ತಾನೇ. ಸೊಸೆ ಮನೀಷಾ ಇದ್ದಿದ್ದರೆ ಅವಳ ಕೈಯಿಂದಲಾದರೂ ಹಾಕಿಸಬಹುದಿತ್ತು. ಅವಳು ಹಿಟ್ಟಿನ ಗಿರಣಿಗೆ ಹೋಗಿದ್ದಳು.

ಹೊರಗೆ ಹುಡುಗಿ ಬಿಸಿಲಲ್ಲಿ ನಿಂತೇ ಇದ್ದಳು.

"ಅಪ್ಪಾ ದೇವರೇ, ಇದರ ಲೆಕ್ಕ ಆಮೇಲೆ ನೋಡೂಣು," ಎಂದು ಅಂಬುಬಾಯಿ ಟ್ರಂಕು ತೆಗೆದಳು. ಹಸಿರು ಖಣ, ಒಂದು ತೆಂಗಿನಕಾಯಿ, ಅರಿಷಿಣ ಬೇರು, ನಾಲ್ಕು ಉತ್ತತ್ತಿ. ಹೊರಗೆ ಬಂದು ಹುಡುಗಿಯ ಸೆರಗಿಗೆ ಒಂದೊಂದಾಗಿ ಇಟ್ಟು, ಐದು ಸಲ ಬೊಗಸೆ ತುಂಬ ಅಕ್ಕಿ ಸುರಿದಳು. ಉಡಿ ತುಂಬಿಸಿಕೊಂಡವಳು ಐದು ಕಾಳು ತಿರುಗಿ ತವರಿಗೆ ಹಾಕಬೇಕು. ಅಂಬುಬಾಯಿ ಅದಕ್ಕೆಂದು ಕಾದಳು. ಹುಡುಗಿ ಕಾಳು ಹಾಕಲಿಲ್ಲ. ಕಾಯಿ, ಖಣ ನೋಡಿ ಕಣ್ಣು ದೊಡ್ಡದು ಮಾಡಿದಳು. ಆಮೇಲೆ ಅಲ್ಲೇ ನಿಂತು, ಕಣ್ಣು ಮುಚ್ಚಿ, ತನ್ನ ಭಾಷೆಯಲ್ಲಿ ಸಣ್ಣ ದನಿಯಲ್ಲಿ ಆ ಮನೆಗಾಗಿ ಪ್ರಾರ್ಥನೆ ಮಾಡಿ, ತುಂಬಿದ ಸೆರಗು ಅವುಚಿಕೊಂಡು ಹೊರಟುಹೋದಳು.

ಪಕ್ಕದ ಮನೆಯ ಕಟ್ಟೆಯ ಮೇಲೆ ಬಳೆಯ ಮಲಾರ ಬಿಚ್ಚಿಕೊಂಡು ಕೂತಿದ್ದ ಮುನ್ನಿ ಬೀ ಎಲ್ಲ ನೋಡಿದ್ದಳು.

"ಕ್ಯಾ ಅಂಬುಬಾಯಿ, ನಿನಗ ಒಂದು ಮಗಳು ಹುಟ್ಯಾಳಲ್ಲ! ಅದೂ ಬಸರಿ ಮಗಳು!"

"ಹುಟ್ಯಾಳ ನೋಡವ್ವಾ," ಅಂದಳು ಅಂಬುಬಾಯಿ. "ಅದೂ ಈ ವಯಸ್ಸಿನಾಗ."

ಮನೀಷಾ ಹಿಟ್ಟಿನ ಡಬ್ಬಿ ಹೊತ್ತುಕೊಂಡು ಬಂದಳು. ಕೊಹಿನೂರದ ಹುಡುಗಿ, ಬಾಯಿ ಜೋರು. ಅತ್ತೆಯ ಮೇಲೆ ಪ್ರೀತಿ ಇತ್ತು, ಅದನ್ನು ಬೈಗುಳದಲ್ಲಿ ತೋರಿಸುತ್ತಿದ್ದಳು. ತೆರೆದಿದ್ದ ಟ್ರಂಕು ನೋಡಿ, "ಅತ್ತೀ, ಹಸರ ಖಣ ಎಲ್ಲಿ? ಅದು ನನ್ನ ತಂಗೀಗಿ ಇಟ್ಟಿದ್ದು!" ಅಂದಳು.

ಅಂಬುಬಾಯಿ ನಡೆದದ್ದು ಹೇಳಿದಳು. ಮನೀಷಾ ಸೊಂಟದ ಮೇಲೆ ಕೈ ಇಟ್ಟುಕೊಂಡು ಕೇಳಿದಳು.

"ಅಂದ್ರ ಊರಾಗಿನ ಹೆಂಗಸರಿಗಿ ಉಡಿ ಬ್ಯಾಡ ಅನ್ನೋರು ನೀವೇ, ಮನ್ಯಾಗ ಉಡಿ ತುಂಬೋರೂ ನೀವೇ. ಪಾಸ್ಟರ್ರಿಗಿ ಗೊತ್ತಾದ್ರ?"

"ಗೊತ್ತಾದ್ರ ಆಗ್ಲಿ. ಅಕಿ ಕೇಳ್ಯಾಳ. ಇಲ್ಲ ಅನ್ನಾಕ ಬಾಯಿ ಬರಲಿಲ್ಲ."

"ಹಂಗಾದ್ರ ಇನ್ನ ಬಾಣಂತನಾನೂ ನಮ್ಮ ಮನ್ಯಾಗೇ."

ಮನೀಷಾ ಚೇಷ್ಟೆಗೆ ಅಂದದ್ದು. ಅಂಬುಬಾಯಿ ಮಾತ್ರ ಮೊರ ಎತ್ತಿಕೊಳ್ಳುತ್ತ, "ಮತ್ತ? ಚೊಚ್ಚಲ ಬಾಣಂತನ ತವರಾಗಲ್ದ ಎಲ್ಲಿ?" ಅಂದಳು. ಸಂಜೆಗೆ ಗಂಜಿನಿಂದ ಬಂದ ಮಗ ರಾಜೀವನಿಗೂ ಅದನ್ನೇ ಹೇಳಿದಳು. ರಾಜೀವ ಹೆಚ್ಚು ಮಾತಿನವನಲ್ಲ. "ನಡುಮನಿ ಕಿಟಕಿ ರಿಪೇರಿ ಮಾಡಿಸಬೇಕು ಹಂಗಾದ್ರ, ಗಾಳಿ ಹೊಡೀತದ," ಎಂದಷ್ಟೇ ಅಂದ. ಅಂಬುಬಾಯಿ ಊಟ ಮಾಡುವಾಗಲೂ ಮನಸ್ಸಿನಲ್ಲೇ ಹೊರಸು ಎಲ್ಲಿ ಹಾಕಬೇಕು, ನೀರಿನ ಹಂಡೆಗೆ ಕಲಾಯಿ ಯಾವಾಗ ಮಾಡಿಸಬೇಕು ಎಂದು ಹೊಂದಿಸುತ್ತಿದ್ದಳು.

ಮರುದಿನ ಆದಿತ್ಯವಾರ. ಕಾಣಿಕೆಯ ಹಾಡು ಶುರುವಾಗುತ್ತಲೇ ಹಿಂದಿನ ಚಾಪೆಯಿಂದ ಸವರ ಹೆಂಗಸರು ನಾಲ್ವರು ಎದ್ದು, ಒಂದು ಬಿದಿರ ಬುಟ್ಟಿ ಹಿಡಿದುಕೊಂಡು ಮುಂದೆ ಬಂದರು. ಐದು ತಿಂಗಳಲ್ಲಿ ಅವರು ಮುಂದೆ ಬಂದದ್ದು ಅದೇ ಮೊದಲು. ಸಭೆಯವರು ಹಾಡು ಮರೆತು ನೋಡಿದರು. ಬುಟ್ಟಿಯಲ್ಲಿ ಅಕ್ಕಿ. ಅಕ್ಕಿಯ ಮೇಲೆ ತೆಂಗಿನಕಾಯಿ, ಅರಿಷಿಣ ಬೇರು, ನಾಲ್ಕು ಉತ್ತತ್ತಿ, ಮಡಿಚಿಟ್ಟ ಹಸಿರು ಖಣ. ಬುಟ್ಟಿಯನ್ನು ಪಾಸ್ಟರ ಮುಂದಿನ ಮೇಜಿನ ಮೇಲಿಟ್ಟು ತಲೆ ಬಗ್ಗಿಸಿ ನಿಂತರು. ಅವರಲ್ಲಿ ಸುಬಾಸಿನಿಯೂ ಇದ್ದಳು.

ಮನೀಷಾ ಅತ್ತೆಯ ಪಕ್ಕೆಗೆ ಮೊಣಕೈಯಿಂದ ತಿವಿದಳು. "ಅತ್ತೀ, ನಿಮ್ಮ ಉಡಿ!"

ಅಂಬುಬಾಯಿಗೆ ಏನೂ ತಿಳಿಯಲಿಲ್ಲ. ಇಸಾಕ ಎದ್ದು ತನ್ನ ಹಿಂದಿಯಲ್ಲಿ ನಿಧಾನಕ್ಕೆ ಹೇಳತೊಡಗಿದ. ತಮ್ಮ ಊರಿನ ಸಭೆಯಲ್ಲಿ ಇದಕ್ಕೆ ಮುಠಿ ಚಾವುಳ ಅನ್ನುತ್ತಾರೆ, ಹಿಡಿ ಅಕ್ಕಿ. ದಿನಾ ಒಲೆಗೆ ಅಕ್ಕಿ ಹಾಕುವಾಗ ಪ್ರತಿ ಮನೆಯಲ್ಲೂ ಒಂದು ಹಿಡಿ ತೆಗೆದು ಬೇರೆ ಇಡುತ್ತಾರೆ. ಶನಿವಾರ ಹೆಂಗಸರು ಮನೆಮನೆಗೆ ಹೋಗಿ ಸೆರಗಿನಲ್ಲಿ ಅದನ್ನು ಕೂಡಿಸಿ ತಂದು ದೇವರ ಕೆಲಸಕ್ಕೆ ಕೊಡುತ್ತಾರೆ. ಇನ್ನು ಇದೇ ನಮ್ಮ ಸಭೆ ಎಂದು ಹಿರಿಯರು ಹೇಳಿದ್ದಕ್ಕೆ ನಿನ್ನೆ ಇಲ್ಲಿಯ ವಿಶ್ವಾಸಿಗಳ ಮನೆಗೂ ಹೋಗಿದ್ದರು.

"ಆರು ಮನೆಯವರು ಭಿಕ್ಷೆಯವರು ಅಂತ ತಿಳಿದು ಮುಂದೆ ಹೋಗಿ ಅಂದರು," ಅಂದ ಇಸಾಕ. ದೂರುವ ದನಿಯಲ್ಲ, ನಡೆದದ್ದು ಹೇಳುವ ದನಿ. "ಅವರದು ತಪ್ಪಿಲ್ಲ, ನಮಗೆ ಹೇಳಲು ಬರಲಿಲ್ಲ. ಒಂದು ಮನೆಯವರು ಮಾತ್ರ ಒಂದು ಹಿಡಿ ಕೇಳಿದರೆ ಐದು ಬೊಗಸೆ ಕೊಟ್ಟರು. ಕಾಯಿ ಕೊಟ್ಟರು. ಬಟ್ಟೆಯನ್ನೂ ಕೊಟ್ಟರು. ದೇವರಿಗೆ ಬಟ್ಟೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಇಲ್ಲಿಯವರ ಭಕ್ತಿ ದೊಡ್ಡದು."

ಮುಂದಿನ ಬೆಂಚಿನ ಆರು ಮನೆಯವರು ತಮ್ಮ ತಮ್ಮ ಹಾಡಿನ ಪುಸ್ತಕದಲ್ಲಿ ಏನೋ ಹುಡುಕತೊಡಗಿದರು. ಪಾಸ್ಟರ್ ದೇವಿದಾಸರ ಮುಖ ಅರಳಿತ್ತು. ಖಣವನ್ನು ಎತ್ತಿ ಹಿಡಿದು, "ಯಾರ ಮನಿ ಅದು? ಎದ್ದು ನಿಂದ್ರಿ. ನಿಮ್ಮನ್ನ ನೋಡಿ ಉಳಿದೋರು ಕಲೀಲಿ," ಅಂದರು.

ಸುಬಾಸಿನಿ ನಗುತ್ತ ಅಂಬುಬಾಯಿಯ ಕಡೆ ಬೆರಳು ತೋರಿಸಿದಳು.

ಅಂಬುಬಾಯಿ ಎದ್ದು ನಿಂತಳು. ಸುಮ್ಮನೆ ಕೈ ಮುಗಿದು ಕೂತುಬಿಟ್ಟಿದ್ದರೆ ಆಗುತ್ತಿತ್ತು. ಪಾಸ್ಟರ ಹೊಗಳಿಕೆ, ಸಭೆಯ ಮೆಚ್ಚಿಕೆ, ಎಲ್ಲವೂ ಅವಳ ಉಡಿಗೇ ಬೀಳುತ್ತಿತ್ತು. ಆದರೆ ಸುಮ್ಮನಿದ್ದರೆ ಆ ಅಕ್ಕಿ ಕಾಣಿಕೆಯಾಗಿಯೇ ಉಳಿಯುತ್ತದೆ, ಹುಡುಗಿ ಲೈನಿನ ಹುಡುಗಿಯಾಗಿಯೇ ಉಳಿಯುತ್ತಾಳೆ.

"ಪಾಸ್ಟರ್ರೇ, ಅದು ನಾ ದೇವರಿಗಿ ಕೊಟ್ಟದ್ದಲ್ರಿ," ಅಂದಳು. "ಆ ಹುಡುಗೀಗಿ ಉಡಿ ತುಂಬಿದ್ದು. ಸೆರಗು ಒಡ್ಡಿ ಅಕ್ಕಿ ಕೇಳಿದ್ಳು. ಮಗಳಾಗಾಕ ಬಂದಾಳ ಅಂತ ತಿಳಕೊಂಡೆ."

ಹೆಂಗಸರ ಕಡೆಯಿಂದ ಯಾರೋ ಕಿಸಕ್ಕೆಂದರು, ಅದು ಸಾಲಿನಿಂದ ಸಾಲಿಗೆ ಹರಿದು ಇಡೀ ಸಭೆ ನಕ್ಕಿತು. "ನಮಗ ಬ್ಯಾಡ ಅಂತಿದ್ಳಲ್ಲ ಪ್ರಾರ್ಥನಿ ಬಾಯಿ!" ಎಂದು ಹಿಂದಿನಿಂದ ಒಬ್ಬಳು ಎಲ್ಲರಿಗೂ ಕೇಳುವ ಹಾಗೆ ಅಂದಳು. ಇಸಾಕನಿಗೆ ಅರ್ಥವಾಗಲಿಲ್ಲ. ರಾಜೀವ ಎದ್ದುಹೋಗಿ ಅವನಿಗೆ ಉಡಿಯೆಂದರೇನು ಎಂದು ಬಿಡಿಸಿ ಹೇಳಿದ. ಇಸಾಕ ಹೆಂಡತಿಗೆ ಹೇಳಿದ. ಸುಬಾಸಿನಿಯ ನಗು ಅಲ್ಲಿಗೇ ನಿಂತಿತು. ಖಣದ ಕಡೆ ನೋಡಿದಳು, ಅಂಬುಬಾಯಿಯ ಕಡೆ ನೋಡಿದಳು, ತಲೆಯ ಮೇಲೆ ಸೆರಗು ಎಳೆದುಕೊಂಡು ಉಳಿದ ಹೆಂಗಸರ ಹಿಂದೆ ಸರಿದಳು. ಆಶೀರ್ವಾದ ಮುಗಿದ ಮೇಲೆ ಅಂಬುಬಾಯಿ ಹೊರಗೆ ಬರುವಷ್ಟರಲ್ಲಿ ಅವರೆಲ್ಲ ಹೆದ್ದಾರಿ ದಾಟಿದ್ದರು.

ಪಾಸ್ಟರು ಬಸ್ಸಿನ ಹೊತ್ತಾಗುವವರೆಗೆ ಬೇವಿನ ಗಿಡದ ಕೆಳಗೆ ನಿಂತರು. ಅಂಬುಬಾಯಿ ಪೆಟ್ಟು ತಿನ್ನಲು ಸಿದ್ಧಳಾದ ಶಾಲೆ ಹುಡುಗಿಯ ಹಾಗೆ ಎದುರಿಗೆ ನಿಂತಳು.

"ನಾ ನಿಮಗ ಏನ್ ಹೇಳಿದ್ದೆ ಉಡಿ ಬಗ್ಗಿ?"

"ಬಿಡಬೇಕು ಅಂದಿದ್ರಿ."

"ಯಾಕ ಅಂದಿದ್ದೆ?"

"ಮುತ್ತೈದಿ ಅಂತ ಒಬ್ಬಾಕೀನ ಕರೀತಾರ, ರಂಡಿಮುಂಡಿ ಅಂತ ಒಬ್ಬಾಕೀನ ದೂರ ಇಡತಾರ, ದೇವರ ಮುಂದ ಅಂಥಾ ಭೇದ ಇಲ್ಲ ಅಂದಿದ್ರಿ."

ದೇವಿದಾಸರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಒರೆಸುತ್ತ ಒರೆಸುತ್ತ ಅವರ ಮುಖದ ಬಿಗಿ ಸಡಿಲಾಯಿತು. "ಮಂದಿ ದೂರ ಇಟ್ಟ ಕೈಲೇ ನೀವು ಉಡಿ ತುಂಬೀರಿ. ಇದಕ್ಕ ನಾ ಏನ್ ಶಿಕ್ಷಾ ಕೊಡ್ಲಿ? ನನಗ ತಿಳೀವಲ್ದು." ಆಮೇಲೆ ಚೀಲದಿಂದ ಖಣ ತೆಗೆದರು. "ಅಕ್ಕಿ, ಕಾಯಿ ಸಭೆಗಿರ್ಲಿ, ಅವರು ಅದನ್ನ ದೇವರಿಗಂತ ತಂದಾರ. ಇದು ಮಾತ್ರ ಸಭೆಗಿ ಏನೂ ಉಪಯೋಗಿಲ್ಲ. ನೀವೇ ಒಯ್ರಿ. ಆ ಹುಡುಗೀನ ಹೋಗಿ ಕೇಳ್ರಿ. ಈ ಸಲ ಅಕೀಗಿ ತಿಳಿಯೋಹಂಗ ಕೇಳ್ರಿ."

"ಬರಲ್ಲ ಅಂದ್ರ?"

"ಬರಲ್ಲ ಅಂದ್ರ ಬರಲ್ಲ. ಉಡಿ ತುಂಬಿದ್ದು ಬಲೆ ಹಾಕಿದಂಗ ಆಗಬಾರದು ನೋಡ್ರಿ, ಅಂಬುಬಾಯಿ."

ಬುಧವಾರ ಅಂಬುಬಾಯಿ ಮನೀಷಾಳನ್ನು ಕರೆದುಕೊಂಡು ಲೈನಿಗೆ ಹೋದಳು. ಕಾರ್ಖಾನೆಯ ಹುಳಿ ವಾಸನೆ ಹೆದ್ದಾರಿಯವರೆಗೂ ಬರುತ್ತಿತ್ತು. ಪಾಳಿ ಮುಗಿಸಿ ಬಂದ ಇಸಾಕ ಬಾಗಿಲ ಮುಂದೆ ಕೈಕಾಲು ತೊಳೆಯುತ್ತಿದ್ದ. ಚಾಪೆ ಹಾಸಿದರು, ನೀರು ಕೊಟ್ಟರು. ಈ ಸಲ ಅಂಬುಬಾಯಿ ಬೈಬಲ್ಲು ಬಿಚ್ಚಲಿಲ್ಲ. ದಖನಿ, ಕನ್ನಡ, ಕೈಸನ್ನೆ ಎಲ್ಲ ಕೂಡಿಸಿ, ಬಾಣಂತನಕ್ಕೆ ತಮ್ಮ ಮನೆಗೆ ಕಳಿಸಬೇಕೆಂದು ಕೇಳಿದಳು.

ಇಸಾಕ ತಲೆ ಕೆರೆದುಕೊಂಡ. ಕ್ರಿಸ್‌ಮಸ್ ಮುಗಿದ ಮೇಲೆ ಗುಲ್ಬರ್ಗಾಕ್ಕೆ ಹೋಗಿ ರೈಲು ಹಿಡಿದು ಅವಳನ್ನು ಊರಿಗೆ ಬಿಟ್ಟುಬರುವ ಯೋಚನೆ ಇತ್ತು ಅಂದ. ಅಲ್ಲಿ ಅವಳ ಅಕ್ಕ ಇದ್ದಾಳೆ. ಹೋಗಿಬರಲು ಹತ್ತು ದಿನ ಬೇಕು, ಅಷ್ಟರಲ್ಲಿ ಕೂಲಿಯವರ ಮುಕಾದಮ ಬೇರೆಯವರನ್ನು ಕೆಲಸಕ್ಕೆ ಹಚ್ಚಿಕೊಳ್ಳುತ್ತಾನೆ. ರೈಲಿಳಿದ ಮೇಲೂ ಬಸ್ಸು, ಗುಡ್ಡ, ನಡಿಗೆ. ತನಗಂತೂ ಅವಳು ಇಲ್ಲೇ ಉಳಿದರೆ ಒಳ್ಳೆಯದು. "ಆದರೆ ನಾನು ಹೇಳಿ ಉಳಿಸುವುದಿಲ್ಲ. ಅವಳಿಗೆ ಇಲ್ಲಿ ಹೆದರಿಕೆ. ಅವಳ ಮಾತಿಗೆ ಇಲ್ಲಿಯವರು ನಗುತ್ತಾರೆ."

ಸುಬಾಸಿನಿ ಒಲೆಯ ಹತ್ತಿರ ಗೋಡೆಗೆ ಒರಗಿ ಕೂತಿದ್ದಳು. ಗಂಡನಿಗೆ ಮಾತ್ರ ಕೇಳುವಂತೆ ಏನೋ ಅಂದಳು.

"ಏನಂತಾಳ?" ಅಂದಳು ಅಂಬುಬಾಯಿ.

ಇಸಾಕ ಸಂಕೋಚಪಟ್ಟ. "ನೀವು ತಪ್ಪು ತಿಳಿದು ಕೊಟ್ಟಿರಿ. ತಪ್ಪಿನಿಂದ ಆದದ್ದಕ್ಕೆ ಯಾಕೆ ಕಷ್ಟಪಡುತ್ತೀರಿ ಅಂತ ಕೇಳುತ್ತಾಳೆ."

ಅಂಬುಬಾಯಿ ಚಾಪೆಯ ಮೇಲೆ ಮುಂದೆ ಸರಿದು ಕೂತಳು. "ಅಕೀಗಿ ಹೇಳಪ್ಪಾ, ಅಕಿ ಏನ್ ಕೇಳಿದ್ಳು ಅನ್ನೋದರಾಗ ನಾ ತಪ್ಪಿದೆ. ಕೊಡೋದರಾಗ ತಪ್ಪಿಲ್ಲ. ನನಗ ಮಗಳು ಬೇಕಿತ್ತು."

"ಮಗಳು ಬೇಕಂತ!" ಮನೀಷಾ ಬಾಯಿ ಹಾಕಿದಳು. "ಹಂಗಾದ್ರ ಮನ್ಯಾಗ ಇಷ್ಟು ದಿನ ದುಡೀಲಾಕ ಹತ್ತೀನಲ್ಲ, ನಾ ಯಾರು?" ಹಾಗೆಂದು ಚೀಲದಿಂದ ಖಣ ತೆಗೆದು, ಸುಬಾಸಿನಿಯ ಭುಜಕ್ಕೆ ಹಿಡಿದು ನೋಡಿ, "ನನ್ನ ತಂಗಿಗಿಂತ ಇಕೀಗೇ ಛಲೋ ಒಪ್ಪತದ. ಇಸಾಕಣ್ಣಾ, ಹೇಳು, ಇದನ್ನ ನಾನೇ ಹೊಲಕೊಡತೀನಿ ಅಂತ," ಅಂದಳು.

ಸುಬಾಸಿನಿ ಖಣ ತೆಗೆದುಕೊಂಡಳು. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅನ್ನಲಿಲ್ಲ.

ಕ್ರಿಸ್‌ಮಸ್ ಬಂತು, ಹೋಯಿತು. ಒಂದು ಸಂಗತಿ ಮಾತ್ರ ಬದಲಾಗಿತ್ತು. ಹಿಡಿ ಅಕ್ಕಿ ಕೊಡದೆ ಕಳಿಸಿದ ಆರು ಮನೆಯವರೂ ಈಗ ಶನಿವಾರ ಹೆಂಗಸರ ದಾರಿ ಕಾಯುತ್ತಿದ್ದರು. ಅಕ್ಕಿ ಇಲ್ಲದವರು ಹಿಡಿ ಜೋಳ ಹಾಕುತ್ತಿದ್ದರು. ಸವರ ಹೆಂಗಸರು ಬುಟ್ಟಿ ಇಟ್ಟು ಹಿಂದಿನ ಚಾಪೆಗೆ ಮರಳದೆ ಮುಂದೆಯೇ ಕೂತುಕೊಳ್ಳತೊಡಗಿದರು, ತಮ್ಮ ಭಾಷೆಯಲ್ಲಿ ಒಂದು ಹಾಡು ಹೇಳುತ್ತಿದ್ದರು. ಪಾಸ್ಟರು ಬಹಳ ಖುಷಿಯಲ್ಲಿದ್ದರು. ಅಂಬುಬಾಯಿಗೂ ಖುಷಿಯೇ. ಆದರೆ ಒರಿಸ್ಸಾದ ಮಂದಿ ಅವಳ ಕೈಗೆ ಬಂದರೂ, ಆ ಒಬ್ಬ ಹುಡುಗಿಯ ಉತ್ತರ ಬಂದಿರಲಿಲ್ಲ. ರಾಜೀವ ನಡುಮನೆಯ ಕಿಟಕಿ ರಿಪೇರಿ ಮಾಡಿಸಿದ. ಯಾಕೆಂದು ಯಾರೂ ಕೇಳಲಿಲ್ಲ.

ಜನವರಿಯ ಎರಡನೇ ವಾರ, ಮಧ್ಯಾಹ್ನ, ಇಸಾಕ ತಲೆಯ ಮೇಲೆ ತಗಡಿನ ಪೆಟ್ಟಿಗೆ ಹೊತ್ತುಕೊಂಡು ಓಣಿಯಲ್ಲಿ ಬಂದ. ಹಿಂದೆ ಸುಬಾಸಿನಿ, ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಧಾನಕ್ಕೆ. ಮೈಮೇಲೆ ಹಸಿರು ಕುಪ್ಪಸ. ಮನೀಷಾ ಹೊಲಿದುಕೊಟ್ಟದ್ದು, ತೋಳು ತುಸು ಬಿಗಿ.

"ಅಕ್ಕನಿಗೆ ಕಾಗದ ಬರೆದೆವು," ಅಂದ ಇಸಾಕ. "ಇಷ್ಟು ಜನರ ಮುಂದೆ ಎದ್ದು ತನ್ನ ತಪ್ಪು ಹೇಳುವ ಹೆಂಗಸು ಇದ್ದರೆ ಅವಳ ಹತ್ತಿರ ಇರು ಅಂತ ಅಕ್ಕ ಬರೆಸಿದ್ದಾಳೆ."

ಮುನ್ನಿ ಬೀ ಕಟ್ಟೆಯಿಂದ ಇಳಿದು ಬಂದು, ಹುಡುಗಿಯ ಕೈ ಹಿಡಿದು, ಕೇಳದೆಯೇ ಎರಡು ಡಜನ್ ಹಸಿರು ಬಳೆ ಏರಿಸಿಬಿಟ್ಟಳು.

ಬಂದದ್ದೇನೋ ಬಂದಳು. ಆದರೆ ಅಂಬುಬಾಯಿಗೆ ಹೊಸ ಚಿಂತೆ ಹತ್ತಿತು. ಹುಡುಗಿ ಏನು ಕೊಟ್ಟರೂ ತಿನ್ನುತ್ತಿದ್ದಳು. ಜೋಳದ ರೊಟ್ಟಿ ಗಂಟಲಲ್ಲಿ ಇಳಿಯದೆ ಕಣ್ಣಲ್ಲಿ ನೀರು ಬಂದರೂ ತಿಂದು ಮುಗಿಸುತ್ತಿದ್ದಳು. ಕೂಡು ಅಂದರೆ ಕೂಡುವುದು, ಮಲಗು ಅಂದರೆ ಮಲಗುವುದು. ಅಂಬುಬಾಯಿ ಬಂದರೆ ಎದ್ದು ನಿಲ್ಲುವುದು. ಮನೀಷಾಳಿಂದ ದಿನಕ್ಕೊಂದೆರಡು ಕನ್ನಡ ಮಾತು ಕಲಿಯುತ್ತಿದ್ದಳು, ಅಂಬುಬಾಯಿಯ ಮುಂದೆ ಮಾತ್ರ ಬರೀ ತಲೆ ಆಡಿಸುವುದು.

"ಬೀಗರ ಮನಿಗಿ ಬಂದೋರಂಗ ಇದ್ದಾಳ," ಎಂದು ಅಂಬುಬಾಯಿ ಮನೀಷಾಳ ಮುಂದೆ ಅಲವತ್ತುಕೊಂಡಳು. "ಮಗಳು ಹಿಂಗಿರತಾಳೇನು ತವರಾಗ?"

"ಮಗಳು ಹ್ಯಾಂಗಿರತಾಳ ಅಂತ ಕೊಹಿನೂರಕ್ಕ ಹೋಗಿ ನಮ್ಮವ್ವಗ ಕೇಳ್ರಿ," ಅಂದಳು ಮನೀಷಾ. "ನಾ ತವರಿಗೆ ಹೋದ್ರ ನಮ್ಮವ್ವ ಎಂಟು ದಿನದಾಗ ಯಾವಾಗ ಹೋಗತೀ ಅಂತಾಳ."

ಫೆಬ್ರವರಿಯಲ್ಲಿ ಸರ್ಕಾರಿ ದವಾಖಾನೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು. ಹೆರಿಗೆಯ ನೋವಿನಲ್ಲಿ ಹುಡುಗಿ ಅಂಬುಬಾಯಿಯ ಮುಂಗೈ ಹಿಡಿದು ಹಿಂಡಿದ್ದು ಎರಡು ದಿನ ಕೆಂಪಗಿತ್ತು. ಆಗಲೂ ಹುಡುಗಿ ಬಾಯಿ ಬಿಡಲಿಲ್ಲ, ತುಟಿ ಕಚ್ಚಿದ್ದಳು. ದೇವಿದಾಸರು ಬಂದು ಕೂಸಿನ ತಲೆಯ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿದರು, ಅರ್ಧ ಕನ್ನಡ, ಅರ್ಧ ಅವರದೇ ಹಿಂದಿ. ಇಸಾಕ ನಗದೆ ಆಮೆನ್ ಅಂದ.

ಮನೆಗೆ ಬಂದ ಮೇಲೆ ಬಾಣಂತಿಗೆ ನೀರೆರೆಯುವುದು ಶುರುವಾಯಿತು. ಆ ಸೀಮೆಯ ಬಾಣಂತಿ ನೀರೆಂದರೆ ಹುಡುಗಾಟವಲ್ಲ. ಹಂಡೆಯ ತುಂಬ ಬೇವಿನ ಸೊಪ್ಪು ಹಾಕಿ ಕುದಿಸಿದ ನೀರು. ಸೊಂಟಕ್ಕೆ, ಬೆನ್ನಿಗೆ ಚೊಂಬಿನಿಂದ ರಪರಪನೆ ಹೊಡೆಯುವಂತೆ ಹಾಕಬೇಕು, ಮೈ ಕೆಂಪೇರಬೇಕು. ಅಂಬುಬಾಯಿ ಸೆರಗು ಸಿಕ್ಕಿಸಿಕೊಂಡು ನಿಂತರೆ ಬಚ್ಚಲು ತುಂಬ ಹಬೆ. ಹುಡುಗಿ ಹಲ್ಲು ಬಿಗಿಹಿಡಿದು, ಮೊಣಕಾಲು ಅಪ್ಪಿಕೊಂಡು ಕೂತಿರುತ್ತಿದ್ದಳು. ಒಂದು ದಿನ, ಎರಡು ದಿನ, ಹತ್ತು ದಿನ. ಉಸಿರೆತ್ತಲಿಲ್ಲ. ಅಂಬುಬಾಯಿಗೆ ನೀರು ಹಾಕುತ್ತಲೇ ಸಂಕಟವಾಗುತ್ತಿತ್ತು. ಇದು ಒಪ್ಪಿಗೆಯೋ, ಸೈರಣೆಯೋ?

ಹನ್ನೊಂದನೆಯ ದಿನ ಒಲೆಗೆ ಸೌದೆ ತುಸು ಹೆಚ್ಚೇ ಬಿದ್ದಿತ್ತು. ಅಂಬುಬಾಯಿ ಮೊದಲನೆಯ ಚೊಂಬು ಹಾಕಿದಳು. ಎರಡನೆಯದು ಹಾಕಿದಳು. ಮೂರನೆಯದಕ್ಕೆ ಕೈ ಎತ್ತಿದಳು.

"ಸಾಕು!"

ಅಂಬುಬಾಯಿ ಬೆಚ್ಚಿದಳು. ಹುಡುಗಿ ಎದ್ದು ನಿಂತಿದ್ದಳು, ಒದ್ದೆ ಸೀರೆ, ಒದ್ದೆ ಕೂದಲು, ಕಣ್ಣು ಕೆಂಡ.

"ಸುಡತದ! ದಿನಾ ಸುಡತದ! ನಾ ಏನ್ ಕೋಳಿ ಏನು, ಪುಕ್ಕ ಕೀಳಾಕ?"

ಮನೀಷಾಳ ದನಿ, ಮನೀಷಾಳ ಮಾತು, ಕೊಹಿನೂರದ ರಾಗ. ಅಂಬುಬಾಯಿಯ ಕೈಯಿಂದ ಚೊಂಬು ಕಸಿದುಕೊಂಡು, ತಣ್ಣೀರಿನ ಬಕೆಟ್ಟು ಎಳೆದು, ತಾನೇ ಹದ ಮಾಡಿಕೊಳ್ಳತೊಡಗಿದಳು. ಮಾಡಿಕೊಳ್ಳುತ್ತ ತನ್ನ ಭಾಷೆಯಲ್ಲಿ ಗೊಣಗುವುದು ನಿಲ್ಲಿಸಲಿಲ್ಲ. ಬಹಳ ದಿನದ ಬಾಕಿ ಇತ್ತು, ಎಲ್ಲ ಹೊರಗೆ ಬರುತ್ತಿತ್ತು.

"ಕ್ಯಾ ಹುವಾ ರೇ?" ಗೋಡೆಯಾಚೆಯಿಂದ ಮುನ್ನಿ ಬೀ ಕೂಗಿದಳು. "ಯಾರು ಹೊಡದಾಡಾಕತ್ತೀರಿ ಅಲ್ಲಿ?"

ಅಂಬುಬಾಯಿ ಬಚ್ಚಲ ಕಟ್ಟೆಯ ಮೇಲೆ ಕುಸಿದು ಕೂತಳು. ಸೀರೆಯೆಲ್ಲ ನೆನೆದಿತ್ತು. ಬಾಗಿಲಿಗೆ ಓಡಿಬಂದ ಮನೀಷಾ ಒಮ್ಮೆ ಚೊಂಬು ಹಿಡಿದವಳನ್ನು, ಒಮ್ಮೆ ಕೂತವಳನ್ನು ನೋಡಿದಳು.

"ಅತ್ತೀ, ಬೈಸಿಕೊಂಡು ನಗಾಕತ್ತೀರಲ್ಲ?"

"ಏನಿಲ್ಲ ಬೀ," ಅಂಬುಬಾಯಿ ಗೋಡೆಯಾಚೆಗೆ ಕೇಳುವ ಹಾಗೆ ಗಟ್ಟಿಯಾಗಿ ಅಂದಳು, "ನಮ್ಮ ಮಗಳು ನನ್ನ ಕೂಡ ಜಗಳಾ ತೆಗದಾಳ." ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಸೊಸೆಗೆ, "ನಿಂತು ಏನ್ ನೋಡತೀ? ಇನ್ನೊಂದು ಕೊಡ ತಣ್ಣೀರು ತಾ. ಅಕಿ ಹೇಳಿದಷ್ಟು ಹಾಕೂಣು," ಅಂದಳು.